ಆಧುನಿಕ ಮಾನವನ ವಂಶವಾಹಿಗಳಲ್ಲಿ ಪ್ರಾಚೀನ ಮಾನವ ಬಂಧುಗಳ ಪಾಲು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಇಂದು ಭೂಮಿಯ ಮೇಲೆ ವಾಸಿಸುತ್ತಿರುವ ಎಲ್ಲ ಮನುಷ್ಯರೂ ಹೋಮೋ ಸೇಪಿಯನ್ಸ್ ಎಂಬ ಒಂದೇ ಪ್ರಭೇದಕ್ಕೆ ಸೇರಿದವರಾಗಿರುತ್ತಾರೆ. ಆದರೆ ಸುಮಾರು 50,000 ವರ್ಷಗಳ ಹಿಂದೆ ಪರಿಸ್ಥಿತಿಯು ಹೀಗಿರಲಿಲ್ಲ. ಆ ಕಾಲದಲ್ಲಿ ಯುರೋಪ್ ಹಾಗೂ ಏಷ್ಯಾ ಖಂಡಗಳಲ್ಲಿ ನಿಯಾಂಡರ್ತಾಲ್, ಡೆನಿಸೋವನ್ ಮುಂತಾದ ಬೇರೆ ಮಾನವ ಗುಂಪುಗಳೂ ಜೀವಿಸಿದ್ದವು. ಆಫ್ರಿಕಾದಿಂದ ಹೊರಬಂದ ಆಧುನಿಕ ಮಾನವರು ಈ ಗುಂಪುಗಳೊಡನೆ ಬೆರೆತು ಸಂತಾನ ಪಡೆದಿದ್ದು, ಆ ಸಂಕರದ ಗುರುತುಗಳು ಇಂದಿನ ಜನರ ಡಿ.ಎನ್.ಎ.ಯಲ್ಲಿ ಉಳಿದುಬಂದಿವೆ.

ಈ ವಿಷಯವು ಕೇವಲ ಪ್ರಾಚೀನ ಇತಿಹಾಸಕ್ಕೆ ಸೀಮಿತವಾದುದಲ್ಲ. ರೋಗನಿರೋಧಕ ಶಕ್ತಿ, ಸಕ್ಕರೆ ಕಾಯಿಲೆ, ಕೋವಿಡ್-19ರ ತೀವ್ರತೆ, ಕೆಲವು ಔಷಧಿಗಳು ದೇಹದಲ್ಲಿ ಕರಗುವ ವೇಗ ಮುಂತಾದ ವಿಷಯಗಳಿಗೂ ಇದರ ಸಂಬಂಧವಿರುತ್ತದೆ. ಜೊತೆಗೆ, ಡಿ.ಎನ್.ಎ. ವರದಿಗಳನ್ನು ಮುಂದಿಟ್ಟುಕೊಂಡು “ಶುದ್ಧ ರಕ್ತ”, “ಮೇಲಿನ ಕುಲ” ಎಂಬ ಆಧಾರರಹಿತ ವಾದಗಳನ್ನು ಮಂಡಿಸುವುದೂ ಉಂಟು. ಆದ್ದರಿಂದ ಸಾರ್ವಜನಿಕರು ಸರಿಯಾದ ಮಾಹಿತಿ ಪಡೆಯಲು ಅನುವಾಗುವಂತೆ ಈ ಕೆಳಕಂಡ ವಿವರಗಳನ್ನು ಒದಗಿಸಲಾಗಿದೆ.

2. ಪದಗಳ ಅರ್ಥ ವಿವರಣೆ

ಅ) ಡಿ.ಎನ್.ಎ.: ಜೀವಕೋಶದಲ್ಲಿರುವ, ತಂದೆತಾಯಿಗಳಿಂದ ಮಕ್ಕಳಿಗೆ ಬರುವ ರಾಸಾಯನಿಕ ಬರಹ. ಇದು ನಾಲ್ಕು ಅಕ್ಷರಗಳಿಂದ ಕೂಡಿದ್ದು, ಮಾನವನಲ್ಲಿ ಒಂದು ಪ್ರತಿಗೆ ಸುಮಾರು 300 ಕೋಟಿ ಅಕ್ಷರಗಳಿರುತ್ತವೆ.

ಆ) ವಂಶವಾಹಿ (ಜೀನ್): ಡಿ.ಎನ್.ಎ.ಯಲ್ಲಿ ಒಂದು ನಿರ್ದಿಷ್ಟ ಕಾರ್ಯಕ್ಕೆ ಸಂಬಂಧಿಸಿದ ಭಾಗ.

ಇ) ಜೀನೋಮ್: ಒಂದು ಜೀವಿಯ ಸಂಪೂರ್ಣ ಡಿ.ಎನ್.ಎ. ಬರಹ.

ಈ) ವರ್ಣತಂತು: ಡಿ.ಎನ್.ಎ.ಯು ಸುತ್ತಿಕೊಂಡಿರುವ ಎಳೆ. ಮಾನವನ ಪ್ರತಿ ಜೀವಕೋಶದಲ್ಲಿ ಸಾಮಾನ್ಯವಾಗಿ 23 ಜೊತೆಗಳಿರುತ್ತವೆ.

ಉ) ಸಂಕರ: ಬಹುಕಾಲ ಪ್ರತ್ಯೇಕವಾಗಿದ್ದ ಎರಡು ಗುಂಪುಗಳ ಗಂಡು ಹೆಣ್ಣುಗಳು ಕೂಡಿ ಸಂತಾನ ಪಡೆಯುವುದು.

3. ಪ್ರಾಚೀನ ಬಂಧುಗಳ ಪರಿಚಯ

3.1 ನಿಯಾಂಡರ್ತಾಲ್: 1856ರಲ್ಲಿ ಜರ್ಮನಿಯ ಡಸೆಲ್‌ಡಾರ್ಫ್ ನಗರದ ಸಮೀಪವಿರುವ ನಿಯಾಂಡರ್ ಕಣಿವೆಯ ಗುಹೆಯೊಂದರಲ್ಲಿ ದೊರೆತ ಮೂಳೆಗಳಿಂದ ಈ ಗುಂಪಿಗೆ ಹೆಸರು ಬಂದಿರುತ್ತದೆ. ಇವರು ಯುರೋಪ್, ಪಶ್ಚಿಮ ಏಷ್ಯಾ ಹಾಗೂ ಸೈಬೀರಿಯಾದ ಆಲ್ಟಾಯ್ ಪರ್ವತದವರೆಗೆ ಹರಡಿದ್ದರು. ಕಲ್ಲಿನ ಆಯುಧಗಳನ್ನು ತಯಾರಿಸುವುದು, ಬೆಂಕಿಯನ್ನು ಬಳಸುವುದು ಇವರಿಗೆ ತಿಳಿದಿತ್ತು. ಸುಮಾರು 40,000 ವರ್ಷಗಳ ಹಿಂದೆ ಇವರು ಪ್ರತ್ಯೇಕ ಗುಂಪಾಗಿ ಕಣ್ಮರೆಯಾದರು.

3.2 ಡೆನಿಸೋವನ್: 2008ರಲ್ಲಿ ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಒಂದು ಸಣ್ಣ ಬೆರಳ ಮೂಳೆಯು ದೊರೆಯಿತು. 2010ರಲ್ಲಿ ಅದರ ಡಿ.ಎನ್.ಎ.ಯನ್ನು ಓದಿದಾಗ, ಅದು ಆಧುನಿಕ ಮಾನವರದ್ದೂ ಅಲ್ಲ, ನಿಯಾಂಡರ್ತಾಲರದ್ದೂ ಅಲ್ಲ ಎಂದು ತಿಳಿದುಬಂದಿತು. ಅಸ್ಥಿಪಂಜರದ ಆಕಾರದಿಂದಲ್ಲದೆ ಡಿ.ಎನ್.ಎ.ಯಿಂದಲೇ ಗುರುತಿಸಲ್ಪಟ್ಟ ಮೊದಲ ಮಾನವ ಗುಂಪು ಇದಾಗಿರುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಅಂಚಿನಲ್ಲಿ 1980ರಲ್ಲಿ ಬೌದ್ಧ ಭಿಕ್ಷುವೊಬ್ಬರಿಗೆ ದೊರೆತಿದ್ದ ದವಡೆಯ ಮೂಳೆಯು ಇದೇ ಗುಂಪಿಗೆ ಸೇರಿದುದೆಂದು 2019ರಲ್ಲಿಯೂ, ಚೀನಾದ ಹಾರ್ಬಿನ್ ನಗರದ ತಲೆಬುರುಡೆಯು ಇದೇ ಗುಂಪಿನದೆಂದು 2025ರಲ್ಲಿಯೂ ವರದಿಯಾಗಿರುತ್ತದೆ.

3.3 ಸಂಬಂಧ: ನಿಯಾಂಡರ್ತಾಲ್ ಮತ್ತು ಡೆನಿಸೋವನ್ ಗುಂಪುಗಳು ಪರಸ್ಪರ ಹತ್ತಿರದ ಬಂಧುಗಳು. ಇವರ ಪೂರ್ವಜರು ಹಾಗೂ ನಮ್ಮ ಪೂರ್ವಜರು ಸುಮಾರು 5 ರಿಂದ 7 ಲಕ್ಷ ವರ್ಷಗಳ ಹಿಂದೆ ಬೇರ್ಪಟ್ಟರೆಂದು ಅಂದಾಜಿಸಲಾಗಿದೆ. ಅಂದರೆ ಇವರು ನಮ್ಮ ನೇರ ಮೂಲಪುರುಷರಲ್ಲ. ಕವಲೊಡೆದು ಹೋದ ದಾಯಾದಿಗಳು. ಹೀಗೆ ಬೇರ್ಪಟ್ಟ ದಾಯಾದಿಗಳು ಲಕ್ಷಾಂತರ ವರ್ಷಗಳ ನಂತರ ಮತ್ತೆ ಎದುರಾದಾಗ ಬೀಗತನ ಬೆಳೆಯಿತು ಎಂಬುದೇ ಈ ವಿಷಯದ ಸಾರಾಂಶ.

4. ಸಂಕರ ನಡೆದಿರುವುದಕ್ಕೆ ಸಾಕ್ಷ್ಯಾಧಾರಗಳು

4.1 ಪ್ರಾಚೀನ ಮೂಳೆಗಳಿಂದ ಡಿ.ಎನ್.ಎ. ತೆಗೆದು ಓದುವ ವಿಧಾನವನ್ನು ರೂಪಿಸಿದವರಲ್ಲಿ ಸ್ವೀಡನ್ ಮೂಲದ ವಿಜ್ಞಾನಿ ಸ್ವಾಂಟೆ ಪಾಬೋ ಅವರು ಪ್ರಮುಖರು. ಅವರ ತಂಡವು 1997ರಲ್ಲಿ ನಿಯಾಂಡರ್ತಾಲ್ ಮೂಳೆಯಿಂದ ತಾಯಿಯ ಕಡೆಯಿಂದ ಮಾತ್ರ ಬರುವ ಮೈಟೋಕಾಂಡ್ರಿಯಾ ಡಿ.ಎನ್.ಎ.ಯ ಭಾಗವನ್ನು ಓದಿತು. ಅದರಲ್ಲಿ ಸಂಕರದ ಸುಳಿವು ದೊರೆಯಲಿಲ್ಲ. 2010ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ಮ್ಯಾಕ್ಸ್ ಪ್ಲಾಂಕ್ ವಿಕಾಸಾತ್ಮಕ ಮಾನವಶಾಸ್ತ್ರ ಸಂಸ್ಥೆಯಲ್ಲಿ ಅವರ ನೇತೃತ್ವದ ತಂಡವು ಕ್ರೊಯೇಷಿಯಾದ ವಿಂಡಿಯಾ ಗುಹೆಯ ಮೂಳೆಗಳಿಂದ ನಿಯಾಂಡರ್ತಾಲ್ ಜೀನೋಮಿನ ಕರಡು ಪ್ರತಿಯನ್ನು ಪ್ರಕಟಿಸಿತು. ಅದನ್ನು ಇಂದಿನ ಜನರ ಜೀನೋಮಿನೊಡನೆ ಹೋಲಿಸಿದಾಗ, ಆಫ್ರಿಕಾದ ಹೊರಗಿನ ಜನರು ನಿಯಾಂಡರ್ತಾಲರೊಡನೆ ಹೆಚ್ಚು ಹೋಲಿಕೆ ಹೊಂದಿರುವುದು ಕಂಡುಬಂದಿತು. ಈ ಸಾಧನೆಗಾಗಿ ಪಾಬೋ ಅವರಿಗೆ 2022ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯು ಸಂದಿರುತ್ತದೆ.

4.2 ನೇರ ಸಾಕ್ಷ್ಯಗಳು: ಡೆನಿಸೋವಾ ಗುಹೆಯಲ್ಲಿ ದೊರೆತ ಮೂಳೆಯ ತುಣುಕೊಂದು ಸುಮಾರು 90,000 ವರ್ಷಗಳ ಹಿಂದಿನ, ಹದಿಹರೆಯದ ಹುಡುಗಿಯದ್ದಾಗಿದ್ದು, ಆಕೆಯ ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್ ಎಂದು 2018ರಲ್ಲಿ ಪ್ರಕಟವಾಯಿತು. ರೊಮೇನಿಯಾದ ಓಸೆ ಗುಹೆಯಲ್ಲಿ 2002ರಲ್ಲಿ ದೊರೆತ, ಸುಮಾರು 40,000 ವರ್ಷಗಳ ಹಿಂದಿನ ಆಧುನಿಕ ಮಾನವನ ದವಡೆಯಲ್ಲಿ ಶೇ. 6 ರಿಂದ 9ರಷ್ಟು ನಿಯಾಂಡರ್ತಾಲ್ ಪಾಲು ಇರುವುದು 2015ರಲ್ಲಿ ತಿಳಿದುಬಂದಿತು. ಆತನಿಗಿಂತ ಕೇವಲ 4 ರಿಂದ 6 ತಲೆಮಾರುಗಳ ಹಿಂದೆ ಒಬ್ಬ ನಿಯಾಂಡರ್ತಾಲ್ ಪೂರ್ವಜರಿದ್ದರು.

4.3 ಕಾಲ ನಿರ್ಣಯದ ವಿಧಾನ: ಒಂದು ಸರ್ವೆ ನಂಬರಿನ ಜಮೀನು ಅಣ್ಣತಮ್ಮಂದಿರ ಪಾಲಾಗಿ, ಮಕ್ಕಳ ಕಾಲಕ್ಕೆ ಮತ್ತೆ ಪೋಡಿಯಾಗಿ, ತಲೆಮಾರು ಕಳೆದಂತೆ ತುಂಡುಗಳು ಚಿಕ್ಕದಾಗುತ್ತಾ ಹೋಗುವುದು ಎಲ್ಲರಿಗೂ ತಿಳಿದ ವಿಷಯ. ಡಿ.ಎನ್.ಎ.ಯಲ್ಲಿಯೂ ಇದೇ ರೀತಿ ನಡೆಯುತ್ತದೆ. ಪ್ರತಿ ತಲೆಮಾರಿನಲ್ಲಿ ಜೊತೆ ವರ್ಣತಂತುಗಳು ತಮ್ಮ ಭಾಗಗಳನ್ನು ಅದಲುಬದಲು ಮಾಡಿಕೊಳ್ಳುವುದರಿಂದ, ಹೊರಗಿನಿಂದ ಬಂದ ಉದ್ದನೆಯ ತುಂಡು ಕ್ರಮೇಣ ಸಣ್ಣ ಸಣ್ಣ ತುಣುಕುಗಳಾಗುತ್ತದೆ. ತುಣುಕುಗಳ ಉದ್ದವನ್ನು ಅಳೆದು ಎಷ್ಟು ತಲೆಮಾರುಗಳ ಹಿಂದೆ ಸಂಕರ ನಡೆಯಿತೆಂದು ಲೆಕ್ಕ ಹಾಕಲಾಗುತ್ತದೆ. ಈ ವಿಧಾನದಿಂದ, ಇಂದಿನ ಜನರಲ್ಲಿರುವ ನಿಯಾಂಡರ್ತಾಲ್ ಪಾಲಿನ ಬಹುಭಾಗವು ಸುಮಾರು 50,500 ರಿಂದ 43,500 ವರ್ಷಗಳ ಹಿಂದಿನ ಅವಧಿಯಲ್ಲಿ, ಅಂದರೆ ಸುಮಾರು 7,000 ವರ್ಷಗಳ ಕಾಲ ನಡೆದ ಸಂಪರ್ಕದಿಂದ ಬಂದಿದೆ ಎಂದು 2024ರಲ್ಲಿ ಅಂದಾಜಿಸಲಾಗಿದೆ.

5. ಇಂದಿನ ಜನರಲ್ಲಿರುವ ಪಾಲಿನ ಪ್ರಮಾಣ

ಅ) ಆಫ್ರಿಕಾದ ಹೊರಗಿನ ಮೂಲದ ಜನರು: ನಿಯಾಂಡರ್ತಾಲ್ ಪಾಲು ಸುಮಾರು ಶೇ. 1 ರಿಂದ 2. ಪೂರ್ವ ಏಷ್ಯಾದ ಜನರಲ್ಲಿ ಯುರೋಪಿನವರಿಗಿಂತ ಸ್ವಲ್ಪ ಹೆಚ್ಚು.

ಆ) ಆಫ್ರಿಕಾದ ಜನರು: ಪಾಲು ಬಹಳ ಕಡಿಮೆ, ಆದರೆ ಶೂನ್ಯವಲ್ಲ. ಯುರೋಪ್ ಮತ್ತು ಏಷ್ಯಾದಿಂದ ಆಫ್ರಿಕಾಕ್ಕೆ ಮರಳಿ ಹೋದ ಜನರ ಮೂಲಕವೂ ಇದು ಅಲ್ಲಿಗೆ ತಲುಪಿದೆಯೆಂದು 2020ರ ಅಧ್ಯಯನವು ತಿಳಿಸುತ್ತದೆ.

ಇ) ಪಪುವಾ ನ್ಯೂಗಿನಿ ಹಾಗೂ ಆಸ್ಟ್ರೇಲಿಯಾದ ಮೂಲನಿವಾಸಿಗಳು: ಮೇಲಿನ ನಿಯಾಂಡರ್ತಾಲ್ ಪಾಲಿನ ಜೊತೆಗೆ ಸುಮಾರು ಶೇ. 3 ರಿಂದ 5 ಡೆನಿಸೋವನ್ ಪಾಲು. ಫಿಲಿಪೈನ್ಸಿನ ಅಯ್ಟಾ ಸಮುದಾಯದಲ್ಲಿ ಇದಕ್ಕಿಂತಲೂ ಹೆಚ್ಚಿನ ಪಾಲು ಇರುವುದಾಗಿ 2021ರಲ್ಲಿ ವರದಿಯಾಗಿದೆ.

ಈ) ಪೂರ್ವ ಮತ್ತು ದಕ್ಷಿಣ ಏಷ್ಯಾದ ಜನರು: ಡೆನಿಸೋವನ್ ಪಾಲು ಅತ್ಯಲ್ಪ.

ಎಲ್ಲರಲ್ಲಿಯೂ ಒಂದೇ ತುಣುಕುಗಳು ಇರುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಒಬ್ಬರಲ್ಲಿರುವ ಶೇ. 2 ಬೇರೆ, ಪಕ್ಕದ ಮನೆಯವರಲ್ಲಿರುವ ಶೇ. 2 ಬೇರೆ. ಆದುದರಿಂದಲೇ ಬಹಳ ಜನರ ತುಣುಕುಗಳನ್ನು ಒಟ್ಟುಗೂಡಿಸಿದಾಗ, ಕಣ್ಮರೆಯಾದ ನಿಯಾಂಡರ್ತಾಲರ ಜೀನೋಮಿನ ದೊಡ್ಡ ಭಾಗವನ್ನೇ ಮರಳಿ ಜೋಡಿಸಲು ಸಾಧ್ಯವಾಗುತ್ತದೆ.

6. ಉಳಿದುಬಂದ ವಂಶವಾಹಿಗಳು ಮತ್ತು ಅವುಗಳ ಪರಿಣಾಮ

ಆಫ್ರಿಕಾದಿಂದ ಬಂದವರಿಗೆ ಹೊಸ ಪ್ರದೇಶದ ಚಳಿ, ಬಿಸಿಲಿನ ಪ್ರಮಾಣ, ಆಹಾರ ಹಾಗೂ ರೋಗಾಣುಗಳು ಹೊಸದಾಗಿದ್ದವು. ಲಕ್ಷಾಂತರ ವರ್ಷಗಳಿಂದ ಅಲ್ಲಿಯೇ ವಾಸವಿದ್ದ ಬಂಧುಗಳ ದೇಹವು ಅವುಗಳಿಗೆ ಹೊಂದಿಕೊಂಡಿತ್ತು. ಸಂಕರದ ಮೂಲಕ ಈ ಹೊಂದಾಣಿಕೆಯ ಕೆಲವು ಅಂಶಗಳು ಸಿದ್ಧರೂಪದಲ್ಲಿಯೇ ದೊರೆತವು. ಪ್ರಮುಖ ಉದಾಹರಣೆಗಳು ಈ ಕೆಳಕಂಡಂತಿವೆ.

6.1 ಎತ್ತರದ ಪ್ರದೇಶದ ಜೀವನ: ಸಮುದ್ರಮಟ್ಟದಿಂದ 4,000 ಮೀಟರ್ ಎತ್ತರದಲ್ಲಿ ಆಮ್ಲಜನಕ ಕಡಿಮೆಯಿರುತ್ತದೆ. ಅಲ್ಲಿಗೆ ಹೋದ ಸಾಮಾನ್ಯ ವ್ಯಕ್ತಿಯ ದೇಹವು ಹಿಮೋಗ್ಲೋಬಿನ್ ಪ್ರಮಾಣವನ್ನು ಹೆಚ್ಚಿಸುವುದರಿಂದ ರಕ್ತವು ಗಟ್ಟಿಯಾಗಿ ತೊಂದರೆಗಳು ಉಂಟಾಗಬಹುದು. ಟಿಬೆಟಿಯನ್ನರಲ್ಲಿ ‘ಇಪಿಎಎಸ್1’ ಎಂಬ ವಂಶವಾಹಿಯ ವಿಶೇಷ ರೂಪವು ಈ ಅತಿಯಾದ ಏರಿಕೆಯನ್ನು ತಡೆಯುತ್ತದೆ. ಈ ರೂಪವು ಡೆನಿಸೋವನ್ ಮೂಲದ್ದೆಂದು 2014ರಲ್ಲಿ ತಿಳಿದುಬಂದಿತು. ಮೈಸೂರು ಜಿಲ್ಲೆಯ ಬೈಲಕುಪ್ಪೆ ಹಾಗೂ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟಿಯನ್ ಸಮುದಾಯದವರ ಹಿರಿಯರು ಇದೇ ಪ್ರಸ್ಥಭೂಮಿಯಿಂದ ಬಂದವರಾಗಿರುತ್ತಾರೆ.

6.2 ರೋಗನಿರೋಧಕ ಶಕ್ತಿ: ದೇಹದೊಳಗೆ ಬಂದ ಬ್ಯಾಕ್ಟೀರಿಯಾ ಮುಂತಾದವುಗಳನ್ನು ಮೊದಲು ಗುರುತಿಸುವ ‘ಟಿಎಲ್‌ಆರ್’ ವಂಶವಾಹಿಗಳ ಗುಂಪಿನಲ್ಲಿ ನಿಯಾಂಡರ್ತಾಲ್ ಹಾಗೂ ಡೆನಿಸೋವನ್ ಮೂಲದ ರೂಪಗಳಿರುವುದು 2016ರಲ್ಲಿ ವರದಿಯಾಗಿರುತ್ತದೆ. ಇವು ರೋಗಾಣುಗಳ ವಿರುದ್ಧ ಚುರುಕಾಗಿ ಕೆಲಸ ಮಾಡುತ್ತವೆ. ಆದರೆ ಅಲರ್ಜಿಯ ಸಾಧ್ಯತೆಯನ್ನೂ ಹೆಚ್ಚಿಸುತ್ತವೆ.

6.3 ಚರ್ಮ ಮತ್ತು ಕೂದಲು: ಚರ್ಮ, ಕೂದಲುಗಳ ಕೆರಾಟಿನ್‌ಗೆ ಸಂಬಂಧಿಸಿದ ವಂಶವಾಹಿಗಳಲ್ಲಿ ನಿಯಾಂಡರ್ತಾಲ್ ರೂಪಗಳು ಹೆಚ್ಚಾಗಿ ಉಳಿದುಕೊಂಡಿರುವುದು 2014ರ ಅಧ್ಯಯನಗಳಿಂದ ತಿಳಿದುಬಂದಿದೆ.

6.4 ಗರ್ಭಧಾರಣೆ: ಪ್ರೊಜೆಸ್ಟರಾನ್ ಹಾರ್ಮೋನಿಗೆ ಸಂಬಂಧಿಸಿದ ನಿಯಾಂಡರ್ತಾಲ್ ರೂಪವು ಯುರೋಪಿನ ಸುಮಾರು ಮೂವರು ಮಹಿಳೆಯರಲ್ಲಿ ಒಬ್ಬರಿಗಿದ್ದು, ಅಂತಹವರಲ್ಲಿ ಗರ್ಭಸ್ರಾವದ ಪ್ರಕರಣಗಳು ಕಡಿಮೆ ಎಂದು 2020ರಲ್ಲಿ ಪ್ರಕಟವಾಗಿರುತ್ತದೆ.

6.5 ಸಕ್ಕರೆ ಕಾಯಿಲೆ: ಮೆಕ್ಸಿಕೋ ಹಾಗೂ ಲ್ಯಾಟಿನ್ ಅಮೆರಿಕದ ಜನರಲ್ಲಿ ಹೆಚ್ಚಾಗಿ ಕಂಡುಬರುವ ‘ಎಸ್‌ಎಲ್‌ಸಿ16ಎ11’ ವಂಶವಾಹಿಯ ಒಂದು ರೂಪವು ಎರಡನೇ ಬಗೆಯ ಸಕ್ಕರೆ ಕಾಯಿಲೆಯ ಅಪಾಯವನ್ನು ಪ್ರತಿ ಪ್ರತಿಗೆ ಸುಮಾರು ಶೇ. 20ರಷ್ಟು ಹೆಚ್ಚಿಸುತ್ತದೆ. ಇದು ನಿಯಾಂಡರ್ತಾಲ್ ಮೂಲದ್ದಾಗಿರುತ್ತದೆ.

6.6 ಔಷಧಿಗಳು: ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್, ಮೂರ್ಛೆ ರೋಗಕ್ಕೆ ನೀಡುವ ಫೆನಿಟಾಯಿನ್ ಮುಂತಾದ ಔಷಧಿಗಳನ್ನು ದೇಹವು ನಿಧಾನವಾಗಿ ಕರಗಿಸುವಂತೆ ಮಾಡುವ ಒಂದು ವಂಶವಾಹಿ ರೂಪವೂ ನಿಯಾಂಡರ್ತಾಲರಿಂದ ಬಂದುದೆಂದು 2022ರಲ್ಲಿ ತಿಳಿದುಬಂದಿದೆ. ಇಂತಹವರಿಗೆ ವೈದ್ಯರು ಔಷಧಿಯ ಪ್ರಮಾಣವನ್ನು ಕಡಿಮೆ ಮಾಡಬೇಕಾಗಬಹುದು.

7. ಉಳಿಯದೇ ಹೋದ ವಂಶವಾಹಿಗಳು

ಬಂದ ಪಾಲೆಲ್ಲವೂ ಉಳಿಯಲಿಲ್ಲ. ನಿಯಾಂಡರ್ತಾಲರ ಜನಸಂಖ್ಯೆಯು ಬಹುಕಾಲ ಚಿಕ್ಕದಾಗಿದ್ದುದರಿಂದ ಸ್ವಲ್ಪ ಮಟ್ಟಿಗೆ ಹಾನಿಕಾರಕವಾದ ಬದಲಾವಣೆಗಳು ಅವರಲ್ಲಿ ಸಂಗ್ರಹವಾಗಿದ್ದವು. ಸಂಕರದ ನಂತರದ ಆರಂಭಿಕ ತಲೆಮಾರುಗಳಲ್ಲಿಯೇ ಇವುಗಳಲ್ಲಿ ಅನೇಕವು ನಿಸರ್ಗದ ಆಯ್ಕೆಯಿಂದ ಅಳಿಸಿಹೋದವು. ಹೀಗಾಗಿ ನಮ್ಮ ಜೀನೋಮಿನ ಕೆಲವು ದೊಡ್ಡ ಪ್ರದೇಶಗಳಲ್ಲಿ ಯಾರಲ್ಲಿಯೂ ನಿಯಾಂಡರ್ತಾಲ್ ತುಣುಕುಗಳು ಕಂಡುಬರುವುದಿಲ್ಲ. ಎಕ್ಸ್ ವರ್ಣತಂತುವಿನ ಹಲವು ಭಾಗಗಳು ಹಾಗೂ ಮಾತಿಗೆ ಸಂಬಂಧಿಸಿದ ‘ಫಾಕ್ಸ್‌ಪಿ2’ ವಂಶವಾಹಿಯ ಸುತ್ತಲಿನ ಭಾಗವು ಇದಕ್ಕೆ ಉದಾಹರಣೆಗಳಾಗಿರುತ್ತವೆ. ತಾಯಿಯ ಕಡೆಯಿಂದ ಬರುವ ನಿಯಾಂಡರ್ತಾಲ್ ಮೈಟೋಕಾಂಡ್ರಿಯಾ ಡಿ.ಎನ್.ಎ.ಯೂ ಇಂದಿನ ಯಾವ ವ್ಯಕ್ತಿಯಲ್ಲಿಯೂ ಕಂಡುಬಂದಿರುವುದಿಲ್ಲ.

8. ಕೋವಿಡ್-19 ಮತ್ತು ದಕ್ಷಿಣ ಏಷ್ಯಾ

8.1 ಮೂರನೇ ವರ್ಣತಂತುವಿನಲ್ಲಿರುವ ಸುಮಾರು 50,000 ಅಕ್ಷರಗಳ ಉದ್ದದ ಒಂದು ತುಣುಕು ಕೋವಿಡ್-19 ಸೋಂಕು ತಗುಲಿದವರಲ್ಲಿ ರೋಗವು ತೀವ್ರವಾಗುವ ಅಪಾಯವನ್ನು ಹೆಚ್ಚಿಸುತ್ತದೆ. ಈ ತುಣುಕು ನಿಯಾಂಡರ್ತಾಲರಿಂದ ಬಂದುದೆಂದು ಹ್ಯೂಗೋ ಜೀಬರ್ಗ್ ಮತ್ತು ಸ್ವಾಂಟೆ ಪಾಬೋ ಅವರು 2020ರಲ್ಲಿ ತೋರಿಸಿದರು. ದಕ್ಷಿಣ ಏಷ್ಯಾದ ಸುಮಾರು ಶೇ. 50 ಜನರಲ್ಲಿ ಇದರ ಕನಿಷ್ಠ ಒಂದು ಪ್ರತಿಯಿರುತ್ತದೆ. ಯುರೋಪಿನಲ್ಲಿ ಈ ಪ್ರಮಾಣವು ಸುಮಾರು ಶೇ. 16. ಪೂರ್ವ ಏಷ್ಯಾ ಹಾಗೂ ಆಫ್ರಿಕಾದಲ್ಲಿ ಇದು ಬಹುತೇಕ ಇಲ್ಲ.

8.2 ಇದಕ್ಕೆ ಪ್ರತಿಯಾಗಿ, ಹನ್ನೆರಡನೇ ವರ್ಣತಂತುವಿನಲ್ಲಿರುವ ಮತ್ತೊಂದು ನಿಯಾಂಡರ್ತಾಲ್ ತುಣುಕು ರೋಗವು ತೀವ್ರವಾಗುವ ಅಪಾಯವನ್ನು ಸುಮಾರು ಶೇ. 22ರಷ್ಟು ಕಡಿಮೆ ಮಾಡುತ್ತದೆಂದು ಅದೇ ವಿಜ್ಞಾನಿಗಳು 2021ರಲ್ಲಿ ತಿಳಿಸಿದರು. ಅಪಾಯಕಾರಿ ಎನಿಸಿದ ಮೊದಲನೇ ತುಣುಕು ಎಚ್.ಐ.ವಿ. ಸೋಂಕಿನ ಸಾಧ್ಯತೆಯನ್ನು ಸುಮಾರು ಶೇ. 27ರಷ್ಟು ತಗ್ಗಿಸುತ್ತದೆ ಎಂಬುದು 2022ರಲ್ಲಿ ವರದಿಯಾಯಿತು. ಒಂದೇ ಬಾಬ್ತು ಒಂದು ಲೆಕ್ಕದಲ್ಲಿ ಖರ್ಚಿಗೂ ಮತ್ತೊಂದು ಲೆಕ್ಕದಲ್ಲಿ ಜಮೆಗೂ ಬರುವಂತೆ, ಒಂದೇ ವಂಶವಾಹಿಯು ಒಂದು ರೋಗದಲ್ಲಿ ಹಾನಿಯನ್ನೂ ಇನ್ನೊಂದರಲ್ಲಿ ರಕ್ಷಣೆಯನ್ನೂ ನೀಡಬಹುದು.

8.3 ಮೇಲ್ಕಂಡ ಅಂಕಿಅಂಶಗಳಿಂದ ಯಾರೂ ಗಾಬರಿಗೊಳ್ಳಬೇಕಾದ ಅಗತ್ಯವಿರುವುದಿಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಹೃದ್ರೋಗ, ಲಸಿಕೆ ಪಡೆದಿರುವುದು ಅಥವಾ ಪಡೆಯದಿರುವುದು, ಸಕಾಲದಲ್ಲಿ ಚಿಕಿತ್ಸೆ ದೊರೆಯುವುದು ಇವುಗಳೂ ರೋಗದ ಪರಿಣಾಮವನ್ನು ನಿರ್ಧರಿಸುತ್ತವೆ. ಇವುಗಳ ಪೈಕಿ ಹಲವು ಮನುಷ್ಯನ ಕೈಯಲ್ಲಿರುವಂಥವು, ವಂಶವಾಹಿಯು ಹಾಗಲ್ಲ.

9. ಭಾರತ ಮತ್ತು ಕರ್ನಾಟಕಕ್ಕೆ ಸಂಬಂಧಿಸಿದ ವಿವರಗಳು

9.1 ಭಾರತದ ಬಹುತೇಕ ಪ್ರದೇಶಗಳು, ಪ್ರಮುಖ ಭಾಷೆಗಳು, ಬುಡಕಟ್ಟು ಹಾಗೂ ಜಾತಿ ಸಮುದಾಯಗಳನ್ನು ಒಳಗೊಂಡ 2,762 ವ್ಯಕ್ತಿಗಳ ಜೀನೋಮ್ ಅಧ್ಯಯನವು 2025ರಲ್ಲಿ ಪ್ರಕಟವಾಗಿರುತ್ತದೆ. ಅದರ ಪ್ರಕಾರ ಭಾರತೀಯರಲ್ಲಿ ಶೇ. 1 ರಿಂದ 2ರಷ್ಟು ನಿಯಾಂಡರ್ತಾಲ್ ಮತ್ತು ಡೆನಿಸೋವನ್ ಪಾಲು ಇರುತ್ತದೆ. ಇವರೆಲ್ಲರ ತುಣುಕುಗಳನ್ನು ಜೋಡಿಸಿದಾಗ ನಿಯಾಂಡರ್ತಾಲ್ ಜೀನೋಮಿನ ಸುಮಾರು ಶೇ. 50 ಹಾಗೂ ಡೆನಿಸೋವನ್ ಜೀನೋಮಿನ ಸುಮಾರು ಶೇ. 20 ಭಾಗವು ಮರಳಿ ದೊರೆತಿದ್ದು, ನಿಯಾಂಡರ್ತಾಲ್ ತುಣುಕುಗಳ ವೈವಿಧ್ಯವು ಭಾರತೀಯರಲ್ಲಿ ಅತ್ಯಧಿಕವೆಂದು ಕಂಡುಬಂದಿದೆ.

9.2 ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ತಜ್ಞರು ನಡೆಸಿದ ಉತ್ಖನನದಲ್ಲಿ, ಆಧುನಿಕ ಮಾನವನು ಹುಟ್ಟುವುದಕ್ಕೂ ಬಹಳ ಮೊದಲಿನ ಶಿಲಾಯುಧಗಳು ದೊರೆತಿವೆ. ಆದರೆ ಅವುಗಳನ್ನು ತಯಾರಿಸಿದವರ ಮೂಳೆಗಳು ಅಲ್ಲಿ ದೊರೆತಿರುವುದಿಲ್ಲ. ಮಧ್ಯಪ್ರದೇಶದ ನರ್ಮದಾ ತೀರದ ಹಥ್ನೋರಾ ಗ್ರಾಮದಲ್ಲಿ 1982ರಲ್ಲಿ ಭಾರತೀಯ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ಅರುಣ್ ಸೋನಾಕಿಯಾ ಅವರಿಗೆ ಪ್ರಾಚೀನ ಮಾನವನ ತಲೆಬುರುಡೆಯ ಭಾಗವು ದೊರೆತಿದ್ದು, ಅದು ಯಾವ ಗುಂಪಿಗೆ ಸೇರಿದುದೆಂಬ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯಗಳಿವೆ. ಉಷ್ಣ ಪ್ರದೇಶದಲ್ಲಿ ಡಿ.ಎನ್.ಎ.ಯು ಬೇಗನೆ ಕೆಡುವುದರಿಂದ, ನಮ್ಮ ದೇಶದಲ್ಲಿ ಪ್ರಾಚೀನ ಮೂಳೆಗಳಿಗಿಂತ ಇಂದಿನ ಜನರ ಜೀನೋಮೇ ಈ ಇತಿಹಾಸಕ್ಕೆ ಮುಖ್ಯ ದಾಖಲೆಯಾಗಿರುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ 1: ಪ್ರಾಚೀನ ಪಾಲು ಹೆಚ್ಚಿರುವವರು ಹಿಂದುಳಿದವರೆಂದು ಅರ್ಥವೇ?
ಉತ್ತರ: ಅಲ್ಲ. ಶೇಕಡಾವಾರು ಪ್ರಮಾಣಕ್ಕೂ ಬುದ್ಧಿಶಕ್ತಿ, ಯೋಗ್ಯತೆಗಳಿಗೂ ಸಂಬಂಧವಿರುವುದಿಲ್ಲ. ಈ ಪಾಲು ಪೂರ್ವಜರು ನಡೆದುಬಂದ ದಾರಿಯಲ್ಲಿ ಯಾರನ್ನು ಸಂಧಿಸಿದರು ಎಂಬುದನ್ನು ಮಾತ್ರ ತಿಳಿಸುತ್ತದೆ.

ಪ್ರಶ್ನೆ 2: ಬೆರಕೆಯಿಲ್ಲದ “ಶುದ್ಧ” ಜನಾಂಗ ಯಾವುದಾದರೂ ಇದೆಯೇ?
ಉತ್ತರ: ಇಲ್ಲ. ಇದುವರೆಗೆ ಅಧ್ಯಯನಕ್ಕೆ ಒಳಪಟ್ಟ ಎಲ್ಲ ಜನಸಮುದಾಯಗಳಲ್ಲಿಯೂ ಬೇರೆ ಬೇರೆ ಕಾಲದ ಬೆರಕೆಯ ಗುರುತುಗಳಿವೆ. ನಿಯಾಂಡರ್ತಾಲರಲ್ಲಿಯೂ ಆಧುನಿಕ ಮಾನವರ ಪಾಲು ಇತ್ತೆಂಬುದು ದೃಢಪಟ್ಟಿದೆ.

ಪ್ರಶ್ನೆ 3: ಖಾಸಗಿ ಕಂಪನಿಗಳ ಡಿ.ಎನ್.ಎ. ವರದಿಯಲ್ಲಿ ನಿಯಾಂಡರ್ತಾಲ್ ಶೇಕಡಾವಾರು ನಮೂದಾಗಿದ್ದಲ್ಲಿ ಚಿಕಿತ್ಸೆ ಪಡೆಯಬೇಕೇ?
ಉತ್ತರ: ಅಗತ್ಯವಿಲ್ಲ. ಅದು ರೋಗ ನಿರ್ಣಯದ ವರದಿಯಲ್ಲ. ಅಂತಹ ವರದಿಯ ಆಧಾರದ ಮೇಲೆ ಯಾವುದೇ ಔಷಧಿಯನ್ನು ಪ್ರಾರಂಭಿಸುವುದಾಗಲೀ ನಿಲ್ಲಿಸುವುದಾಗಲೀ ಮಾಡಬಾರದು. ಸಂದೇಹವಿದ್ದಲ್ಲಿ ವೈದ್ಯರನ್ನು ಸಂಪರ್ಕಿಸತಕ್ಕದ್ದು.

ಪ್ರಶ್ನೆ 4: ಜಾತಿ ಪ್ರಮಾಣ ಪತ್ರದ ಅರ್ಜಿಯೊಂದಿಗೆ ಡಿ.ಎನ್.ಎ. ಪೂರ್ವಜರ ವರದಿಯನ್ನು ಲಗತ್ತಿಸಬೇಕೇ?
ಉತ್ತರ: ಬೇಕಾಗಿಲ್ಲ. ಜಾತಿ ಪ್ರಮಾಣ ಪತ್ರವನ್ನು ದಾಖಲೆಗಳು ಹಾಗೂ ಸ್ಥಳೀಯ ವಿಚಾರಣೆಯ ಆಧಾರದ ಮೇಲೆ ತಹಶೀಲ್ದಾರರು ನೀಡುತ್ತಾರೆ. 50,000 ವರ್ಷಗಳ ಹಿಂದಿನ ಸಂಕರದ ಗುರುತುಗಳಿಂದ ಯಾವ ವ್ಯಕ್ತಿಯ ಜಾತಿಯನ್ನೂ ನಿರ್ಧರಿಸಲು ಸಾಧ್ಯವಿರುವುದಿಲ್ಲ.

ಪ್ರಶ್ನೆ 5: ನಿಯಾಂಡರ್ತಾಲರು ಸಂಪೂರ್ಣವಾಗಿ ನಾಶವಾದರೇ?
ಉತ್ತರ: ಪ್ರತ್ಯೇಕ ಗುಂಪಾಗಿ ನಾಶವಾದರು. ಆದರೆ ಅವರ ಸಂತಾನದ ಒಂದು ಭಾಗವು ನಮ್ಮ ಪೂರ್ವಜರ ಕುಟುಂಬಗಳಲ್ಲಿ ಸೇರಿಹೋಗಿ ಇಂದಿಗೂ ಮುಂದುವರಿದಿರುತ್ತದೆ.

11. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಅ) ಡಿ.ಎನ್.ಎ. ಪರೀಕ್ಷೆಗೆ ಮಾದರಿ ನೀಡುವ ಮೊದಲು, ಅದನ್ನು ಯಾವ ಉದ್ದೇಶಕ್ಕೆ ಬಳಸಲಾಗುವುದು, ಎಷ್ಟು ಕಾಲ ಇಟ್ಟುಕೊಳ್ಳಲಾಗುವುದು ಎಂಬುದನ್ನು ಓದಿ ತಿಳಿದುಕೊಂಡೇ ಸಹಿ ಮಾಡತಕ್ಕದ್ದು. ಒಬ್ಬರ ಡಿ.ಎನ್.ಎ.ಯು ಅವರ ಒಡಹುಟ್ಟಿದವರ ಹಾಗೂ ಮಕ್ಕಳ ಮಾಹಿತಿಯನ್ನೂ ಒಳಗೊಂಡಿರುತ್ತದೆ.

ಆ) ವಾರ್ಫರಿನ್‌ನಂತಹ ಔಷಧಿ ಸೇವಿಸುವವರು ಅಸಹಜ ರಕ್ತಸ್ರಾವ ಕಂಡುಬಂದಲ್ಲಿ ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು.

ಇ) ವಂಶವಾಹಿಗಳ ಹೆಸರಿನಲ್ಲಿ ಯಾವುದೇ ಸಮುದಾಯವನ್ನು ಮೇಲು ಅಥವಾ ಕೀಳು ಎಂದು ಬಿಂಬಿಸುವ ಬರಹಗಳಿಗೆ ವೈಜ್ಞಾನಿಕ ಆಧಾರವಿರುವುದಿಲ್ಲ. ಇಂದಿನ ಮಾನವನು ಹಲವು ಗುಂಪುಗಳ ಕೂಡುವಿಕೆಯಿಂದ ರೂಪುಗೊಂಡವನು ಎಂಬುದೇ ಮೇಲ್ಕಂಡ ಎಲ್ಲ ಸಾಕ್ಷ್ಯಗಳಿಂದ ದೃಢಪಡುವ ಅಂಶವಾಗಿರುತ್ತದೆ.